ಬುಡ ಗಟ್ಟಿ ಇದ್ದರೆ

ಕಿಸೆಯಲ್ಲಿ ಸೂಜಿ ಇದೆಯೋ ಇಲ್ಲವೋ ಎಂದು ಸಿದ್ದರಾಯ ಬಸ್‌ಸ್ಟ್ಯಾಂಡಿನ ಎದುರು ಒಮ್ಮೆ ಮುಟ್ಟಿ ನೋಡಿಕೊಂಡ, ಹಿಟ್ಟಿನ ಗಿರಣಿಯ ಎದುರು ಮತ್ತೊಮ್ಮೆ. ಮುಟ್ಟಿ ನೋಡುವ ಅಗತ್ಯವಿರಲಿಲ್ಲ. ಶಾಲೆಯಲ್ಲಿ ಕಪ್ಪೆ ಕೊಯ್ದು ತೋರಿಸುವ ಪೆಟ್ಟಿಗೆಯ, ಕಟ್ಟಿಗೆಯ ಹಿಡಿಕೆಯ ಸೂಜಿ ಅದು. ತುದಿಗೆ ಸಿಕ್ಕಿಸಿದ್ದ ಬೂಚು ದಾರಿಯಲ್ಲೆಲ್ಲೋ ಉದುರಿಹೋಗಿ, ಎಡಗಾಲು ಮುಂದಿಟ್ಟಾಗಲೆಲ್ಲ ಎದೆಗೆ ಚುಚ್ಚಿ ತಾನಿರುವುದನ್ನು ತಿಳಿಸುತ್ತಿತ್ತು. ತೆಗೆದು ಕೈಯಲ್ಲಿ ಹಿಡಿದುಕೊಳ್ಳಬಹುದಿತ್ತು. ಆದರೆ ರವಿವಾರ ಬೆಳಿಗ್ಗೆ ಸೂಜಿ ಹಿಡಿದುಕೊಂಡು ಸಿಂದಗಿಯ ಬಜಾರದಲ್ಲಿ ನಡೆದರೆ ನಾಲ್ಕು ಮಂದಿ ನಿಲ್ಲಿಸಿ ಕೇಳುತ್ತಾರೆ. ಕೇಳಿದರೆ ಉತ್ತರ ಹೇಳಬೇಕಾಗುತ್ತದೆ. ಉತ್ತರ ಹೇಳುವುದಕ್ಕಿಂತ ಚುಚ್ಚಿಸಿಕೊಳ್ಳುವುದು ಅವನಿಗೆ ಮೊದಲಿನಿಂದಲೂ ಸುಲಭವಾಗಿ ಕಂಡಿತ್ತು.

ನಿನ್ನೆ ನಾರಾಯಣರಾಯರು ಶಾಲೆಯ ಗೇಟಿಗೇ ಬಂದು ನಿಂತಿದ್ದರು. ರತ್ನಾಗಿರಿಯ ತಾರು ಕಚೇರಿಯಲ್ಲಿ ಆಯುಷ್ಯ ಕಳೆದು ನಿವೃತ್ತರಾಗಿ ಊರಿಗೆ ಬಂದ ಮನುಷ್ಯ. ಒಂದೊಂದು ಶಬ್ದಕ್ಕೂ ದರ ಕೊಡಬೇಕು ಎನ್ನುವಂತೆ ಮಾತಾಡುತ್ತಿದ್ದರು. “ನಾಳೆ ಬಾಗೇವಾಡಿಯವರು ಬರ್ತಾರ. ನಮ್ಮ ರುಕ್ಮಿಣೀನ್ನ ನೋಡಲಿಕ್ಕೆ. ತೊಟ್ಟ್ಯಾಗಿಂದು ಹವಳ ಹೌದೋ ಅಲ್ಲೋ ಕೇಳ್ತಾರ. ನೀವು ಬಂದು ಹೌದಂತ ಹೇಳಬೇಕು.” ಇಷ್ಟು ಹೇಳಿ ಛತ್ರಿ ಬಿಚ್ಚಿ ಹತ್ತು ಹೆಜ್ಜೆ ಹೋಗಿ, ಪ್ರಾಮಾಣಿಕ ಮನುಷ್ಯರಾದ್ದರಿಂದ ತಡೆಯಲಾರದೆ ತಿರುಗಿ ಬಂದು, “ಹೌದಿದ್ದರ” ಎಂದು ಸೇರಿಸಿ ಹೋದರು. ಸಿದ್ದರಾಯ ತಲೆಯಾಡಿಸಿದ್ದ. ಅವನು ತಲೆಯಾಡಿಸುವ ರೀತಿಯಲ್ಲಿ ಹೌದೂ ಇರುತ್ತಿತ್ತು, ಅಲ್ಲವೂ ಇರುತ್ತಿತ್ತು. ಎದುರಿನವರು ತಮಗೆ ಬೇಕಾದದ್ದನ್ನು ಆರಿಸಿಕೊಂಡು ಹೋಗುತ್ತಿದ್ದರು. ಹೀಗೆಯೇ ಊರಿನಲ್ಲಿ ಅವನ ಪಾಂಡಿತ್ಯ ಬೆಳೆದಿತ್ತು. ಯಂಕಂಚಿಯ ಕುರುಬರ ಮನೆಯಿಂದ ಬಂದು, ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ, ಸಿಂದಗಿಯ ಹೈಸ್ಕೂಲಿನಲ್ಲಿ ಮಾಸ್ತರಾದ ಮೇಲೆ ಅವನು ಸ್ಟಾಫ್‌ ರೂಮಿನಲ್ಲಿ ಬಾಯಿಬಿಟ್ಟದ್ದನ್ನು ಕಂಡವರಿಲ್ಲ. ಹೆಡ್‌ಮಾಸ್ತರ ಶ್ರೀಶೈಲಪ್ಪನವರು ಅವನತ್ತ ಬೆರಳು ಮಾಡಿ ಉಳಿದವರಿಗೆ, “ನೋಡ್ರಿ, ತುಂಬಿದ ಕೊಡ ತುಳುಕೂದಿಲ್ಲ” ಎನ್ನುತ್ತಿದ್ದರು. ಖಾಲಿ ಕೊಡವೂ ತುಳುಕುವುದಿಲ್ಲವೆಂಬುದು ಅಲ್ಲಿ ಸಿದ್ದರಾಯನೊಬ್ಬನಿಗೆ ಗೊತ್ತಿತ್ತು. ಅದನ್ನು ಹೇಳಬೇಕಾದರೆ ಬಾಯಿ ಬಿಡಬೇಕಾಗುತ್ತಿತ್ತು.

ಅವನಿಗೆ ತಿಳಿದಿದ್ದ ಪ್ರಾಣಿಗಳೆಲ್ಲ ಬಾಟಲಿಯಲ್ಲಿದ್ದವು. ಔಷಧದ ನೀರಿನಲ್ಲಿ ಬಿಳಿಚಿಕೊಂಡು, ಕೊರಳಿಗೆ ಹೆಸರಿನ ಚೀಟಿ ಕಟ್ಟಿಕೊಂಡು, ಪರೀಕ್ಷೆಗೆ ಸಿದ್ಧವಾಗಿ ಕೂತ ಪ್ರಾಣಿಗಳು. ಜೀವಂತ ಕೈಗೆ ಬಂದದ್ದು ಕಪ್ಪೆಯೊಂದೇ, ಅದೂ ಸ್ವಲ್ಪ ಹೊತ್ತು. ರಜೆಗೆ ಹೋದಾಗ ತಾಯಿ ಸಾತವ್ವನಿಗೆ, ಕಪ್ಪೆಯ ಹೊಟ್ಟೆ ಕೊಯ್ದು ಒಳಗೆ ನೋಡುತ್ತೇವೆ ಎಂದು ಹೆಮ್ಮೆಯಿಂದ ಹೇಳಿದ್ದ. ಆಕೆ ಕುರಿಮರಿಗೆ ಹಾಲು ಕುಡಿಸುತ್ತಿದ್ದವಳು ಕತ್ತೆತ್ತಿ, “ಯಾಕೋ, ಅದಕ್ಕೇನ ಆಗಿತ್ತು?” ಎಂದು ಕೇಳಿದ್ದಳು. ಗಿರಣಿ ದಾಟಿ ಓಣಿಗೆ ತಿರುಗುವಾಗ ಈಗ ಮತ್ತೆ ಅದೇ ನೆನಪಾಗಿ, ಅದಕ್ಕೆ ಏನೂ ಆಗಿರಲಿಲ್ಲ ಯವ್ವಾ, ಎಂದು ಅವನು ಮನಸ್ಸಿನಲ್ಲೇ ಒಪ್ಪಿಕೊಂಡ, ಸೂಜಿ ಚುಚ್ಚಿತು.

ರಾಯರ ಮಗಳು ರುಕ್ಮಿಣೀಬಾಯಿಗೂ ಏನೂ ಆಗಿರಲಿಲ್ಲ, ಜಾತಕದ ಎಂಟನೆಯ ಮನೆಯಲ್ಲಿ ಕುಜ ಕೂತಿದ್ದನೆಂಬುದನ್ನು ಬಿಟ್ಟರೆ. ಅವಳನ್ನು ಮದುವೆಯಾದವನ ಪ್ರಾಣಕ್ಕೆ ಕೇಡು ಎಂದು ಪಂಚಾಂಗ ಬಲ್ಲವರೆಲ್ಲ ಹೇಳಿದ್ದರು. ಕುಜನ ಕಲ್ಲು ಹವಳ. ಇಂಡಿ ಊರಿನ ಜೋಯಿಸರ ಮಾತಿನಂತೆ ಹವಳದ ಉಂಗುರ ಹಾಕಿದ್ದಾಯಿತು. ಉಂಗುರ ಬೆರಳಿನಲ್ಲಿ ಸವೆಯಿತು, ವರಗಳು ಬಂದು ಚೂಡಾ ತಿಂದು ಹೋದವು, ಅವಳಿಗೆ ಮೂವತ್ತು ಹತ್ತಿರವಾಯಿತು. ನಾರಾಯಣರಾಯರು ಇದನ್ನು ತಾರು ಕಚೇರಿಯ ಬುದ್ಧಿಯಿಂದ ವಿಚಾರ ಮಾಡಿದರು. ಕಡಿದ ತಂತಿಯಲ್ಲಿ ಸುದ್ದಿ ಹೋಗುವುದಿಲ್ಲ. ಅಂಗಡಿಯ ಹವಳವೆಂದರೆ ಸಮುದ್ರದಿಂದ ಕಡಿದು ತಂದ ಹೆಣ. ಅದು ಆಕಾಶದಲ್ಲಿರುವ ಕುಜನಿಗೆ ಏನು ಮುಟ್ಟಿಸೀತು? ಜೀವ ಇದ್ದ ಹವಳ ಮನೆಯಲ್ಲಿದ್ದರೆ ಲೈನು ಸರಿಯಾಗಿ ಹತ್ತುತ್ತದೆ. ಈ ವಿಚಾರ ಬಂದದ್ದಕ್ಕೂ ಒಂದು ಕಾರಣವಿತ್ತು. ರತ್ನಾಗಿರಿಯಿಂದ ಬರುವಾಗ ಅವರು ಹವ್ಯಾಸಕ್ಕೆಂದು ಕಬ್ಬಿಣದ ಚೌಕಟ್ಟಿನ ಒಂದು ಗಾಜಿನ ತೊಟ್ಟಿ, ಸಮುದ್ರದ ನೀರು, ಬಣ್ಣದ ಮೀನು, ಕರಿ ಕಲ್ಲು ತಂದಿದ್ದರು. ಮೀನುಗಳು ಒಂದರ ಹಿಂದೊಂದು ತೀರಿಕೊಂಡವು. ಕಲ್ಲು ಉಳಿಯಿತು. ಒಂದು ಬೆಳಿಗ್ಗೆ ಆ ಕಲ್ಲಿನ ಮೇಲೆ ಬದನೆ ಹೂವಿನ ಬಣ್ಣದ ಏನೋ ಒಂದು ಬಿಚ್ಚಿಕೊಂಡು, ಸಣ್ಣ ಸಣ್ಣ ಬೆರಳು ಆಡಿಸುತ್ತ ಕೂತಿತ್ತು. ಯಾರೂ ತಂದದ್ದಲ್ಲ, ಯಾರೂ ಕರೆದದ್ದಲ್ಲ. ಮೊದಲು ಕಂಡವಳು ರುಕ್ಮಿಣೀಬಾಯಿ.

ಅಂದಿನಿಂದ ಆ ಮನೆಯ ದಿನಚರಿಯೇ ಬದಲಾಯಿತು. ಆಲಮೇಲದ ಬೆಲ್ಲ ಹೇರಿಕೊಂಡು ರತ್ನಾಗಿರಿಗೆ ಹೋಗುವ ಲಾರಿಯ ಡ್ರೈವರ್‌ ಅಬ್ದುಲರಜಾಕ ತಿರುಗಿ ಬರುವಾಗ ಎಣ್ಣೆ ಡಬ್ಬಿಗಳಲ್ಲಿ ಸಮುದ್ರದ ನೀರು ತುಂಬಿಕೊಂಡು ಬರುತ್ತಿದ್ದ. ಕೊಡ ಇಟ್ಟುಕೊಂಡು ನಳದ ಮುಂದೆ ಸಾಲುಗಟ್ಟಿ ಕೂತ ಹೆಂಗಸರು ಆ ಡಬ್ಬಿಗಳು ಇಳಿಯುವುದನ್ನು ನೋಡುತ್ತಿದ್ದರು. ಅವರಲ್ಲೊಬ್ಬಳಾದ ಮರೆವ್ವ, “ಉಪ್ಪನೀರಿಗೆ ಅಷ್ಟು ದೂರ ಯಾಕ್ರಿ ರಾಯರ, ನಮ್ಮ ಬಾವಿ ಏನ ಪಾಪ ಮಾಡೈತಿ” ಎಂದು ಕೇಳಿದ್ದಕ್ಕೆ ಇಡೀ ಸಾಲು ನಕ್ಕಿತ್ತು. ತೊಟ್ಟಿಗೆ ಗಾಳಿ ಊದುವ ಮುಂಬಯಿಯ ಯಂತ್ರವೊಂದಿತ್ತು. ಅದು ಕರೆಂಟಿನ ಮರ್ಜಿಯಂತೆ ನಡೆಯುತ್ತಿತ್ತು. ಕರೆಂಟು ಹೋದಾಗ ರುಕ್ಮಿಣೀಬಾಯಿ ತೊಟ್ಟಿಯ ನೀರನ್ನೇ ಚರಿಗೆಯಲ್ಲಿ ಎತ್ತಿ, ಮೇಲಿನಿಂದ ಸಣ್ಣ ಧಾರೆಯಾಗಿ ತೊಟ್ಟಿಗೇ ಬಿಡುತ್ತಿದ್ದಳು. ಬಿದ್ದ ನೀರಿನ ಜೊತೆ ಗಾಳಿ ಒಳಗೆ ಹೋಗುತ್ತಿತ್ತು. ಒಂದು ಶುಕ್ರವಾರ ಕೈಗೆ ಹಚ್ಚಿಕೊಂಡ ಅರಿಷಿಣ ನೀರಿಗೆ ಹತ್ತಿ ಕೊನೆಯ ಮೀನು ಸತ್ತಂದಿನಿಂದ ಅವಳು ಕೈಗೆ ಅರಿಷಿಣ ಹಚ್ಚುವುದನ್ನೇ ಬಿಟ್ಟಿದ್ದಳು; ಲಗ್ನವಾಗಬೇಕಾದ ಹುಡುಗಿ ಅರಿಷಿಣ ಬಿಟ್ಟದ್ದಕ್ಕೆ ಓಣಿ ಬೇರೆ ಮಾತಾಡಿತ್ತು.

ಮಳೆಗಾಲದ ಕೊನೆಗೆ ನಾರಾಯಣರಾಯರು ಸಿದ್ದರಾಯನನ್ನು ಮೊದಲ ಸಲ ಮನೆಗೆ ಕರೆತಂದು ತೊಟ್ಟಿಯ ಮುಂದೆ ಕೂರಿಸಿ, ಇದು ಹವಳ ಹೌದೋ ಅಲ್ಲವೋ ಎಂದು ಕೇಳಿದ್ದರು. ಸಿದ್ದರಾಯ ಬಗ್ಗಿ ನೋಡಿದ. ಬಿಸಿಲು ಅಂಗಳದಿಂದ ನೀರಿನೊಳಕ್ಕೆ ಇಳಿದಿತ್ತು, ಅದು ಬೆರಳು ಆಡಿಸುತ್ತಿತ್ತು, ಅದರ ಕೊರಳಲ್ಲಿ ಚೀಟಿ ಇರಲಿಲ್ಲ. ಅವನು ಕಂಡದ್ದು ಅದನ್ನಲ್ಲ, ಧಾರವಾಡದ ಪ್ರಾಯೋಗಿಕ ಪರೀಕ್ಷೆಯ ಮೇಜನ್ನು. ಅಲ್ಲಿ ಬೆಳ್ಳಗೆ ತೂತುತೂತಾಗಿ ಕೂತಿದ್ದ ವಸ್ತುವಿಗೆ ತಾನು ಸ್ಪಂಜು ಎಂದು ಬರೆದದ್ದನ್ನು. ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಏರಿಸಿ, ಹಾಗಾದರೆ ಹಿಂಡಿ ನೀರು ತೆಗೆಯಪ್ಪ ಎಂದದ್ದನ್ನು. ಅವನು ಹಿಂಡಿದ್ದ. ವಿನಯದಿಂದ, ಎರಡೂ ಕೈಯಿಂದ. ಕಲ್ಲಿನಂಥ ಹವಳದ ಗೂಡು ಅಂಗೈಗೆ ಚುಚ್ಚಿ ಗುರುತು ಬಿದ್ದಿತ್ತು, ಪರೀಕ್ಷೆಗೆ ಕೂತವರೆಲ್ಲ ತಮ್ಮ ಭಯ ಮರೆತು ನಕ್ಕಿದ್ದರು. ಅವನ ಮೌನಕ್ಕೆ ಅಡಿಗಲ್ಲು ಬಿದ್ದದ್ದು ಅಂದು. ಅದೇ ಅಂಗೈಯನ್ನು ಮಡಿಚಿಕೊಂಡು ಅವನು ನಾರಾಯಣರಾಯರಿಗೆ, “ಬುಡ ಗಟ್ಟಿ ಇದ್ದರ ಹವಳರಿ. ಮೆತ್ತಗಿದ್ದರ ಅಲ್ಲ” ಎಂದ. ಪ್ರಾಣಿಶಾಸ್ತ್ರದಲ್ಲಿ ಅವನು ಸ್ವಂತ ಅನುಭವದಿಂದ ಕಲಿತದ್ದು ಅದೊಂದೇ. ಗಟ್ಟಿ ಇದೆಯೋ ಮೆತ್ತಗಿದೆಯೋ ಎಂದು ಅವರು ಕೇಳಿದರು. “ನೋಡಬೇಕ್ರಿ” ಎಂದ. ಚರಿಗೆ ಹಿಡಿದು ನಿಂತಿದ್ದ ರುಕ್ಮಿಣೀಬಾಯಿ ಆಗ ಅವನ ಕಡೆ ನೋಡಿದಳು. ಅವನು ಕಲ್ಲಿನ ಕಡೆ ನೋಡಿದ.

ಆ ‘ನೋಡಬೇಕ್ರಿ’ ಅವನಿಗೆ ಒಂದೊಂದೇ ರವಿವಾರವನ್ನು ಗಳಿಸಿಕೊಟ್ಟಿತು. ಬಂದು ಕೂರುತ್ತಿದ್ದ. ಅದು ಬೆರಳು ಆಡಿಸುತ್ತಿತ್ತು. ಅವಳು ನೀರು ಎತ್ತಿ ಬಿಡುತ್ತಿದ್ದಳು. ಚಹಾ ಬರುತ್ತಿತ್ತು. ನೀರಿಗೆ ಬೆರಳಿಟ್ಟು ಬುಡ ಮುಟ್ಟಿ ನೋಡಲು ಅರೆಗಳಿಗೆ ಸಾಕೆಂದು ಅವನಿಗೂ ಗೊತ್ತಿತ್ತು. ಮುಟ್ಟಿದರೆ ಸತ್ತೀತು ಎಂದು ಒಂದು ವಾರ ಹೇಳಿಕೊಂಡ, ಉಗುರು ಬೆಳೆದಿದೆ ಎಂದು ಮತ್ತೊಂದು ವಾರ. ಮುಟ್ಟಿದರೆ ಗೊತ್ತಾಗಿಬಿಡುತ್ತದೆ, ಗೊತ್ತಾದರೆ ಬರುವ ರವಿವಾರ ಬರಲು ಕಾರಣವಿರುವುದಿಲ್ಲ ಎಂಬ ವಿಚಾರವನ್ನು ಮಾತ್ರ ಅವನು ತನಗೇ ಹೇಳಿಕೊಳ್ಳಲಿಲ್ಲ. ಅವಳನ್ನು ಏನೆಂದು ಕರೆಯಬೇಕೆಂಬುದೂ ಇತ್ಯರ್ಥವಾಗಿರಲಿಲ್ಲ. ಅಕ್ಕಾರ ಎನ್ನಲು ನಾಲಗೆ ಒಪ್ಪಲಿಲ್ಲ. ಬಾಯಾರ ಎಂದರೆ ದೂರವಾಯಿತು. ಹೆಸರು ಹಿಡಿಯಲು ಅವನ ಜಾತಿಗೆ ಆ ಮನೆಯ ಹೊಸ್ತಿಲು ಎತ್ತರವಾಗಿತ್ತು. ಹಾಗಾಗಿ ಅವನು ಅವಳನ್ನು ಏನೂ ಕರೆಯದೆ, ಕರೆಯುವ ಪ್ರಸಂಗ ಬಾರದಂತೆ ನೀರು ಕುಡಿಯಬೇಕೆನಿಸಿದರೂ ಬಾಯಾರಿಕೊಂಡೇ ಕೂರುತ್ತಿದ್ದ. ಇದಕ್ಕೆ ಏನು ಹೆಸರೆಂದು ಅವನ ಪಠ್ಯದಲ್ಲಿ ಇರಲಿಲ್ಲ. ಚಹಾದ ಆಸೆಯೇ ಇರಬಹುದು ಎಂದೂ ಒಮ್ಮೊಮ್ಮೆ ಅನಿಸುತ್ತಿತ್ತು. ಅವರ ಮನೆಯ ಚಹಾಕ್ಕೆ ಶುಂಠಿ ಹಾಕುತ್ತಿದ್ದರು.

ಇವತ್ತು ನೋಡಲೇಬೇಕು ಎಂದು ಅವನು ಸೂಜಿ ತಂದಿದ್ದ. ಬಾಗಿಲು ತೆರೆದೇ ಇತ್ತು. ರಾಯರು ಬಸ್‌ಸ್ಟ್ಯಾಂಡಿಗೆ ಹೋಗಿದ್ದಾರೆ, ಬೇರೆ ದಾರಿಯಿಂದ ಹೋದರೇನೋ, ಎಂದು ರುಕ್ಮಿಣೀಬಾಯಿ ಹೇಳಿದಳು. ಕರೆಂಟು ಇತ್ತು, ಯಂತ್ರ ಗುರ್ರೆನ್ನುತ್ತಿತ್ತು, ಆದರೆ ನಳಿಗೆಯ ತುದಿ ಉಪ್ಪುಗಟ್ಟಿ ಗುಳ್ಳೆ ಬರುತ್ತಿರಲಿಲ್ಲ. ಅವಳು ಹಸಿರು ಇಳಕಲ್ಲ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರು ಎತ್ತಿ ಬಿಡುತ್ತಿದ್ದಳು. ನೋಡಲು ಬರುವವರಿಗಾಗಿ ಉಟ್ಟ ಸೀರೆಯ ನೆರಿಗೆ ಆಗಲೇ ತೊಯ್ದಿತ್ತು. ಅವನು ತನ್ನ ಜಾಗದಲ್ಲಿ ಕೂತ. ಈಗ, ಈಗಲೇ, ಎಂದುಕೊಂಡು ಕಿಸೆಗೆ ಕೈಹಾಕಿದ. ಅದು ಅಷ್ಟೂ ಬೆರಳು ಬಿಚ್ಚಿ ಬಿಸಿಲಿಗೆ ಒಡ್ಡಿಕೊಂಡಿತ್ತು.

“ಮಾಸ್ತರ, ಇವತ್ತರ ಏನ್ ಅಂತೀರಿ?” ಎಂದಳು ಅವಳು, ಧಾರೆಯ ಮೇಲಿನ ಕಣ್ಣು ಕದಲಿಸದೆ.

ಅವಳಿಗೆ ಯಾವ ಉತ್ತರ ಬೇಕಾಗಿದೆ ಎಂದು ಅವನು ಅವಳ ಮುಖದಲ್ಲಿ ಹುಡುಕಿದ. ಹೌದೆಂದರೆ ಬಾಗೇವಾಡಿ; ಅಲ್ಲವೆಂದರೆ ಈ ಅಂಗಳ, ಈ ಚರಿಗೆ, ತಲೆ ನೆರೆಯುವತನಕ. ಯಾವುದು ಒಳ್ಳೆಯದು ಎಂಬುದಕ್ಕೆ ಗಟ್ಟಿ ಮೆತ್ತಗೆಯ ಪರೀಕ್ಷೆ ಇರಲಿಲ್ಲ. ತನಗೆ ಯಾವುದು ಬೇಕೆಂದು ಕೇಳಿಕೊಳ್ಳುವಷ್ಟರಲ್ಲಿ ನಾಚಿಕೆಯಾಗಿ ಅವನು ಕಿಸೆಯಿಂದ ಬರಿಗೈ ತೆಗೆದ. ಅಷ್ಟರಲ್ಲಿ ಹೊರಗೆ ರಾಯರ ಛತ್ರಿ ಗೋಡೆಗೆ ತಾಗಿದ ಸಪ್ಪಳವಾಯಿತು.

ಬಂದವರು ಇಬ್ಬರು. ವರನ ತಾಯಿ ತುಳಸೀಬಾಯಿ, ಮತ್ತು ಮುದ್ದೇಬಿಹಾಳದ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ವರ ವೆಂಕಟೇಶ. ಯಜಮಾನರಿಗೆ ಮೊಣಕಾಲು ನೋವಂತೆ. ಅವರ ಪಾಲಿನ ಮಾತನ್ನೂ ತಾನೇ ಆಡುವುದಾಗಿ ತುಳಸೀಬಾಯಿ ಕೂರುವ ಮೊದಲೇ ತಿಳಿಸಿದರು, ಮತ್ತು ಆಡಿದರು. ಬಸ್ಸಿನ ಧೂಳು, ಬಾಗೇವಾಡಿಯ ನೀರು, ಸೊಸೆಗೆ ಬರಬೇಕಾದ ಅಡಿಗೆ, ಎಲ್ಲ ಮುಗಿಯಿತು. ವೆಂಕಟೇಶ ಕೆಟ್ಟವನಂತೆ ಕಾಣಲಿಲ್ಲ. ತಲೆ ತಗ್ಗಿಸಿ, ಶೇಂಗಾ ಒಂದು ಕಡೆ ಅವಲಕ್ಕಿ ಒಂದು ಕಡೆ ಮಾಡಿ ಚೂಡಾ ತಿನ್ನುತ್ತಿದ್ದ. ಕೆಟ್ಟವನಾಗಿದ್ದರೆ ಅನುಕೂಲವಿತ್ತು ಎಂದು ಸಿದ್ದರಾಯನಿಗೆ ಅನಿಸಿತು. ಆಮೇಲೆ ಎಲ್ಲರೂ ಎದ್ದು ತೊಟ್ಟಿಯ ಸುತ್ತ ನಿಂತರು.

“ಮನ್ಯಾಗ ಜೀವಂತ ಹವಳ ಇದ್ದರ ಕುಜ ಕೈಮುಗದು ಹೋಗ್ತಾನಂತ ನಮ್ಮ ಗುರುಗಳು ಹೇಳ್ಯಾರ,” ಎಂದರು ತುಳಸೀಬಾಯಿ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ. “ಆದರ ಹವಳ ಕೆಂಪಿರತದ. ಇದು ಬದನಿ ಹೂವಿನ್ಹಂಗ ಅದಲ್ಲ?”

“ಸತ್ತ ಮ್ಯಾಲೆ ಬಣ್ಣ ಬ್ಯಾರೆ. ಇದ್ದಾಗ ಬ್ಯಾರೆ. ಮಾಸ್ತರು ಹೇಳ್ತಾರ,” ಎಂದರು ನಾರಾಯಣರಾಯರು.

ಎಲ್ಲರೂ ಸಿದ್ದರಾಯನನ್ನು ನೋಡಿದರು. ಅವನು ನೀರನ್ನು ನೋಡಿದ. ಸೂಜಿಯ ನೆನಪಿತ್ತು, ಕೈ ಏಳಲಿಲ್ಲ. ಇಷ್ಟು ಮಂದಿಯ ಎದುರು ಹಿಂಡಿ ನೋಡಪ್ಪ ಎಂದಂತಾಗಿ ಅಂಗೈ ತಾನಾಗಿ ಮಡಿಚಿಕೊಂಡಿತು. ಯಂತ್ರ ಗುರ್ರೆಂದಿತು. ವೆಂಕಟೇಶ ಅಗಿಯುವುದನ್ನು ನಿಲ್ಲಿಸಿದ. ಆ ಮೌನ ಸಿದ್ದರಾಯನಿಗೆ ಪರಿಚಯದ್ದು. ಸ್ಟಾಫ್‌ ರೂಮಿನಲ್ಲಿ, ತರಗತಿಯಲ್ಲಿ, ಎಲ್ಲ ಕಡೆ ಇದೇ ಮೌನ ಅವನನ್ನು ದಡ ಮುಟ್ಟಿಸಿತ್ತು. ಇಲ್ಲಿಯೂ ಮುಟ್ಟಿಸಿತು. “ನೋಡ್ರಿ, ಸುಮ್ಮನಿದ್ದಾರ,” ಎಂದರು ನಾರಾಯಣರಾಯರು ಮೆಲ್ಲಗೆ, ಗುಡಿಯಲ್ಲಿ ಮಾತಾಡುವವರ ದನಿಯಲ್ಲಿ. “ಸುಮ್ಮನಿದ್ದಾರಂದರ ತಿಳೀರಿ.” ತುಳಸೀಬಾಯಿಗೆ ತಿಳಿಯಿತು. ಅವರ ಮುಖದ ಗಂಟು ಸಡಿಲಾಯಿತು. ಹಾಗಾದರೆ ಸಾಕ್ಷಾತ್ ಮಂಗಳನೇ ಬಂದು ಕೂತಂತಾಯಿತು, ಬರಿಗೈಲಿ ನೋಡಿ ಹೋಗಬಾರದು ಎಂದು, ರುಕ್ಮಿಣೀಬಾಯಿಯ ಕೈಯಲ್ಲಿದ್ದ ಕುಂಕುಮದ ಭರಣಿಯಿಂದ ದೊಡ್ಡದೊಂದು ಚಿಟಿಕೆ ಎತ್ತಿ ತೊಟ್ಟಿಯ ಮೇಲೆ ಹಿಡಿದರು.

ಕುಂಕುಮವೆಂದರೆ ಅರಿಷಿಣ, ಸುಣ್ಣ. ಸಿದ್ದರಾಯ ಮೊದಲು ಯೋಚಿಸಿದ್ದು ಅದನ್ನು. ಒಂದು ಬೆರಳಿನ ಅರಿಷಿಣಕ್ಕೆ ಮೀನು ಸತ್ತಿತ್ತು. ಇದು ಚಿಟಿಕೆ ಕುಂಕುಮ. ಅವನು ರುಕ್ಮಿಣೀಬಾಯಿಯತ್ತ ನೋಡಿದ. ನೋಡಲು ಬಂದ ಅತ್ತೆಯ ಕೈ ಹಿಡಿಯುವುದು, ಅದೂ ಕುಂಕುಮದ ಕೈ, ಅವಳಿಂದಾಗುವ ಮಾತಾಗಿರಲಿಲ್ಲ. ಅವಳು ಆ ಕೈಯನ್ನು ನೋಡುತ್ತಿರಲಿಲ್ಲ. ಅವನನ್ನು ನೋಡುತ್ತಿದ್ದಳು. ಸುಮ್ಮನಿದ್ದರೂ ಅದು ಉತ್ತರವೇ ಆಗುತ್ತದೆ ಎನ್ನುವಂಥ ಪ್ರಶ್ನೆಯನ್ನು ಅವನಿಗೆ ಯಾವ ಪರೀಕ್ಷಕರೂ ಕೇಳಿರಲಿಲ್ಲ.

“ಹಾಕಬ್ಯಾಡ್ರಿ,” ಎಂದ. ದನಿ ಅವನ ಎಣಿಕೆಗಿಂತ ದೊಡ್ಡದಾಗಿ ಬಂತು.

ಚಿಟಿಕೆ ಗಾಳಿಯಲ್ಲಿ ನಿಂತಿತು. “ಯಾಕ?”

“ಸಾಯ್ತೈತ್ರಿ.”

“ಹವಳ ಕುಂಕುಮಕ್ಕ ಸಾಯ್ತದೇನು? ತಾಳ್ಯಾಗ ಹವಳ ಹಾಕ್ಕೊಂಡು ಇಷ್ಟು ವರ್ಷ ಕುಂಕುಮ ಹಚ್ಚೇನಿ. ಅದೂ ಗಟ್ಟಿ ಅದ, ನಮ್ಮವರೂ ಗಟ್ಟಿ ಇದ್ದಾರ, ಮೊಣಕಾಲೊಂದು ಬಿಟ್ಟು.”

ಇದಕ್ಕೆ ಎದುರು ಮಾತು ಒಂದೇ ಇತ್ತು. ಸಿದ್ದರಾಯ ಅದನ್ನು ಹುಡುಕಲಿಲ್ಲ. ಅದೇ ಬಾಯಿಯಿಂದ ಬಿತ್ತು. “ಇದು ಹವಳ ಅಲ್ಲರಿ.”

“ಅಲ್ಲ? ಮತ್ತೇನಿದು?”

“ಗೊತ್ತಿಲ್ರಿ.”

ಹವಳ ಅಲ್ಲವೆಂದದ್ದಕ್ಕಿಂತ ಗೊತ್ತಿಲ್ಲ ಎಂದದ್ದು ನಾರಾಯಣರಾಯರಿಗೆ ಹೆಚ್ಚು ಪೆಟ್ಟು ಕೊಟ್ಟಿತು. ಅವರು ಗೋಡೆ ಹಿಡಿದುಕೊಂಡರು. ಸಿದ್ದರಾಯನಿಗೆ ಮೈ ಹಗುರಾಗಿ, ಮತ್ತೊಮ್ಮೆ ಗೊತ್ತಿಲ್ಲ ಎನ್ನಬೇಕೆಂಬ ಹುಚ್ಚು ಆಸೆಯಾಯಿತು. ತುಳಸೀಬಾಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇದು ಏನಂತ ಗೊತ್ತಿಲ್ಲ, ಹವಳ ಅಲ್ಲಂತ ಹ್ಯಾಂಗ ಗೊತ್ತಾತು?” ಎಂದರು. ನ್ಯಾಯವಾದ ಪ್ರಶ್ನೆ. ಧಾರವಾಡದಲ್ಲಿ ಕೂಡ ಯಾರೂ ಅಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ ಎಂದು ಅವನು ಗೌರವದಿಂದ ತಲೆ ತಗ್ಗಿಸಿದ. ಈಗ ಉಳಿದದ್ದು ಚಿಟಿಕೆ. ಎತ್ತಿದ ಕುಂಕುಮವನ್ನು ತಿರುಗಿ ಭರಣಿಗೆ ಹಾಕುವ ಹಾಗಿಲ್ಲ, ನೆಲಕ್ಕೆ ಚೆಲ್ಲುವ ಹಾಗಿಲ್ಲ, ಎಲ್ಲಾದರೂ ಹಚ್ಚಲೇಬೇಕು. ತುಳಸೀಬಾಯಿಯ ಕೈ ನೀರಿನ ಮೇಲಿಂದ ಸರಿದು ರುಕ್ಮಿಣೀಬಾಯಿಯ ಹಣೆಯ ಕಡೆ ಅರ್ಧ ದಾರಿ ಹೋಯಿತು. ಹೆಣ್ಣಿನ ಹಣೆಗೆ ಅವರು ಕುಂಕುಮ ಹಚ್ಚಿದರೆ ಮಾತು ಪಕ್ಕಾ ಆದಂತೆ. ಕೈ ಅಲ್ಲೇ ಒಂದು ಗಳಿಗೆ ಲೆಕ್ಕ ಹಾಕಿತು, ಎಂಟನೆಯ ಮನೆಯ ಕುಜನನ್ನು ನೆನೆಯಿತು, ತಿರುಗಿತು, ತೊಟ್ಟಿಯ ಹೊರಗಾಜಿನ ಮೇಲೆ ಕೆಂಪಗೆ ಒಂದು ಬೊಟ್ಟು ಇಟ್ಟಿತು.

“ಏನರ ಇರಲಿ, ಚೆಂದಾಗಿರಲಿ,” ಎಂದರು ತುಳಸೀಬಾಯಿ, ಬೆರಳು ಒರೆಸಿಕೊಳ್ಳುತ್ತ.

“ಆಯಿ, ಬಸ್ಸಿನ ಹೊತ್ತಾತು,” ಎಂದ ವೆಂಕಟೇಶ. ಅವನು ಆ ಮನೆಯಲ್ಲಿ ಆಡಿದ ಮಾತು ಅದೊಂದೇ. ಹೊರಡುವಾಗ ಸಿದ್ದರಾಯನಿಗೆ ಮಾತ್ರ ಕಾಣುವಂತೆ ಕೈಮುಗಿದ. ನನ್ನನ್ನು ಬದುಕಿಸಿದಿರಿ ಎಂದು ಹೇಳಿದಂತಿತ್ತು. ಪತ್ರ ಬರೆಯುತ್ತೇವೆ ಎಂದು ಹೇಳಿ ಅವರು ಹೋದರು. ಆ ಪತ್ರದಲ್ಲಿ ಏನಿರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ನಾರಾಯಣರಾಯರು ಬೀಗರಾಗದೆ ಹೋದವರನ್ನು ಬಸ್ಸಿಗೆ ಮುಟ್ಟಿಸಲು ಛತ್ರಿ ತೆಗೆದುಕೊಂಡು, ಬಾಗಿಲಲ್ಲಿ ಸಿದ್ದರಾಯನ ಕಡೆ ತಿರುಗಿ, “ಬಂದು ಮಾತಾಡ್ತೇನಿ” ಎಂದಷ್ಟೇ ತಾರು ಕೊಟ್ಟರು.

ಸಿದ್ದರಾಯ ಹೊರಟುಹೋಗದೆ ತನ್ನ ಜಾಗದಲ್ಲಿ ಮತ್ತೆ ಕೂತ. ಒಬ್ಬಳ ಬದುಕನ್ನು ತನಗೇ ಗೊತ್ತಿಲ್ಲದ ಒಂದು ಮಾತಿನಿಂದ ಕೆಡಿಸಿದೆ, ಸೂಜಿ ಕಿಸೆಯಲ್ಲಿದ್ದೂ ಕೆಡಿಸಿದೆ ಎಂದು ಅವನು ಕ್ರಮವಾಗಿ ತನ್ನನ್ನು ಬೈದುಕೊಳ್ಳಲು ತೊಡಗಿದ. ಬೈಗುಳದ ನಡುವೆ ಅಡಿಯಲ್ಲೆಲ್ಲೋ ಒಂದು ಸಂತೋಷ ಬೆರಳು ಬಿಚ್ಚುತ್ತಿರುವುದು ತಿಳಿದು ಇನ್ನೂ ಜೋರಾಗಿ ಬೈದುಕೊಂಡ. ರುಕ್ಮಿಣೀಬಾಯಿ ಭರಣಿ ಒಳಗಿಟ್ಟು ಬಂದು, ಬಾವಿಯ ನೀರಿನಿಂದ ಮೊಣಕೈತನಕ ಕೈ ತೊಳೆದು, ಅವನ ಮುಂದೆ ಅಂಗೈ ಚಾಚಿದಳು.

“ಕಿಸೇದಾಗಿನ ಸೂಜಿ ಕೊಡ್ರಿ.”

ಅವನು ಕೆಳಗೆ ನೋಡಿಕೊಂಡ. ಬಿಳಿ ಅಂಗಿಯ ಕಿಸೆಯ ಮೇಲೆ, ಗಾಜಿನ ಮೇಲಿದ್ದಷ್ಟೇ ದೊಡ್ಡ ಕೆಂಪು ಬೊಟ್ಟು ಮೂಡಿತ್ತು. ಇಷ್ಟು ಹೊತ್ತು ಎಲ್ಲರೂ ಅದನ್ನು ನೋಡಿರಬೇಕು. ನಾಚಿಕೊಂಡು ಸೂಜಿ ಕೊಟ್ಟ. ಅವಳು ಅದನ್ನು ತೊಳೆದು, ನೀರಿನಿಂದ ನಳಿಗೆಯನ್ನು ಎತ್ತಿ, ಉಪ್ಪು ಕಟ್ಟಿದ ತುದಿಯನ್ನು ಚುಚ್ಚಿ ಚುಚ್ಚಿ ಬಿಡಿಸಿ ಮತ್ತೆ ಒಳಗೆ ಬಿಟ್ಟಳು. ಗುಳ್ಳೆಗಳು ಸರಸರನೆ ಎದ್ದವು. ಇಷ್ಟು ಮಂದಿಯ ನೆರಳಿಗೆ ಮುದುಡಿದ್ದ ಅದು ಒಂದು ಬೆರಳು ಹೊರಗೆ ಹಾಕಿ ನೋಡಿತು, ಮತ್ತೊಂದು ಹಾಕಿತು.

“ಬುಡ ಗಟ್ಟಿ ಅದ,” ಎಂದಳು ರುಕ್ಮಿಣೀಬಾಯಿ.

ಅವನಿಗೆ ಮೊದಲು ತಿಳಿಯಲಿಲ್ಲ.

“ಕಲ್ಲಿನ್ಹಂಗ ಗಟ್ಟಿ. ನೀವು ಹೇಳಿದ ದಿನಾನ ಮುಟ್ಟಿ ನೋಡೇನಿ. ದಿನಾ ಮುಟ್ಟತೇನಿ.”

ಅಷ್ಟೂ ರವಿವಾರಗಳು ಅವನ ಕಣ್ಣ ಮುಂದೆ ಬಂದು ಹೋದವು: ಅವನು ಕೂತದ್ದು, ಅವಳು ನೀರು ಬಿಟ್ಟದ್ದು, ಅವನಿಗೆ ಗೊತ್ತಿಲ್ಲದ್ದು, ಅವಳಿಗೆ ಗೊತ್ತಿದ್ದದ್ದು. ಮೌನದಲ್ಲಿ ತನಗಿಂತ ದೊಡ್ಡವರು ಈ ಸಿಂದಗಿಯಲ್ಲಿ ಇದ್ದಾರೆಂದು ಅವನಿಗೆ ಹೊಳೆದಿರಲೇ ಇಲ್ಲ. “ಹಂಗಾದ್ರ ಅದು...” ಎಂದು ಆರಂಭಿಸಿದ.

“ನೋಡಬೇಕ್ರಿ,” ಎಂದಳು ಅವಳು.

ನಗಲಿಲ್ಲ, ನಗುವಿನ ಸಮೀಪದ ಏನೋ ಒಂದು ಅವಳ ಬಾಯಿಯ ಮೂಲೆಯಲ್ಲಿ ಕಂಡು ಮುಚ್ಚಿಕೊಂಡಿತು. ಆಗ ಸರಿಯಾಗಿ ಕರೆಂಟು ಹೋಯಿತು. ಯಂತ್ರ ನಿಂತಿತು, ಗುಳ್ಳೆ ನಿಂತವು. ಅವಳು ಚರಿಗೆಯನ್ನು ಅವನ ಕೈಗೆ ಕೊಟ್ಟು, ಚಹಾ ಇಡುತ್ತೇನೆ, ಅಪ್ಪ ಬರುವತನಕ ನೀರು ಬಿಡುತ್ತಿರಿ ಎಂದು ಅಡಿಗೆಮನೆಗೆ ಹೋದಳು. ಬರುವ ರವಿವಾರ ಸೂಜಿಗೆ ಬೂಚು ಹಾಕಿಕೊಂಡು ಬರಬೇಕೆಂದೂ ಹೋಗುತ್ತ ಹೇಳಿದಳು. ಸಿದ್ದರಾಯ ಚರಿಗೆ ಮುಳುಗಿಸಿ ಎತ್ತಿ, ಚೆಲ್ಲೀತೆಂದು ಹೆದರಿ, ನೀರಿಗೆ ಹತ್ತಿರವೇ ಹಿಡಿದು ಮೆಲ್ಲಗೆ ಬಗ್ಗಿಸಿದ. ಸಪ್ಪಳವೇ ಆಗಲಿಲ್ಲ.

“ಮ್ಯಾಲಿಂದ,” ಎಂದಿತು ಒಳಗಿನ ದನಿ. “ಸಪ್ಪಳ ಆಗಬೇಕು.”

ಅವನು ತೋಳನ್ನು ತಲೆಗಿಂತ ಎತ್ತರಕ್ಕೆ ಎತ್ತಿದ.